ತತ್ವಶಾಸ್ತ್ರ ಓದ್ತೀನಿ ಅಂದ ಹುಡುಗಿಗಾಗಿ ನಾವು ಹಾಕಿದ ಲೆಕ್ಕ

ನಮ್ಮ ಕನ್ನಡ ಶಾಲೆಯಲ್ಲಿ ಕಲಿತು ಹೋದ ಮಕ್ಕಳು ಮುಂದೆ ಏನು ಓದಿದರು, ಏನಾದರು ಎಂಬುದನ್ನು ನಾವು ಶಿಕ್ಷಕರು ಒಂದು ಉದ್ದನೆಯ ವಹಿಯಲ್ಲಿ ಬರೆದಿಡುತ್ತ ಬಂದಿದ್ದೇವೆ. ಯಾವ ಮೇಲಧಿಕಾರಿಯೂ ಕೇಳಿದ ದಾಖಲೆ ಇದಲ್ಲ. "ಕನ್ನಡ ಸಾಲಿಗೆ ಹಾಕಿದ್ರ ಮುಂದ ಗತಿ ಏನ್ರಿ?" ಎಂದು ಜೂನ್ ತಿಂಗಳಲ್ಲಿ ಕೇಳುವ ಪಾಲಕರಿಗೆ ತೋರಿಸಲು ಬೇಕಾಗುತ್ತದೆ, ಅಷ್ಟೆ. ಅದರಲ್ಲಿ ಐಟಿಐ ಇದೆ, ನರ್ಸಿಂಗ್ ಇದೆ, ಡಿ.ಫಾರ್ಮಸಿ ಇದೆ, ಪೊಲೀಸ್ ಭರತಿ, ಸೈನ್ಯ, ಸೋಲಾಪುರದ ಚಾದರ್ ಕಾರಖಾನೆ ಎಲ್ಲ ಇವೆ. ಬಿ.ಎ. ಅಂತೂ ಪುಟಕ್ಕೆ ಹತ್ತು. ಆದರೆ ಬಿ.ಎ. ತತ್ವಶಾಸ್ತ್ರ ಎಂದು ಬರೆಯುವ ಪ್ರಸಂಗ ಈ ವರ್ಷದವರೆಗೆ ಬಂದಿರಲಿಲ್ಲ.

ಹುಡುಗಿ ಒಂದರಿಂದ ಏಳನೆಯ ಇಯತ್ತೆಯವರೆಗೆ ನಮ್ಮಲ್ಲಿಯೇ ಕಲಿತವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಅಕ್ಕಲಕೋಟ ತಾಲೂಕಿನ ಎಲ್ಲ ಮಕ್ಕಳಿಗೂ ಆಗುವಂತೆ ಹನ್ನೊಂದನೆಯ ಇಯತ್ತೆಗೆ ಹೋದ ಕೂಡಲೇ ಕನ್ನಡ ಒಂದು ವಿಷಯವಾಗಿ ಉಳಿಯಿತು, ಉಳಿದದ್ದೆಲ್ಲ ಮರಾಠಿಗೆ ತಿರುಗಿತು. ಮಹಾರಾಷ್ಟ್ರದ ಹನ್ನೊಂದು-ಹನ್ನೆರಡನೆಯ ಕಲಾ ಶಾಖೆಯಲ್ಲಿ ತರ್ಕಶಾಸ್ತ್ರ ಎಂದು ಒಂದು ವಿಷಯವಿದೆ. ಅದನ್ನು ಹೆಚ್ಚಿನ ಮಕ್ಕಳು ತೆಗೆದುಕೊಳ್ಳುವುದು "ಗಣಿತದ ಹಾಂಗ ಪೂರ್ತಿ ಮಾರ್ಕ್ಸ್ ಬರ್ತಾವ" ಎಂಬ ಕಾರಣಕ್ಕೆ. ಇವಳೂ ಹಾಗೆಯೇ ತೆಗೆದುಕೊಂಡಳು. ಎರಡು ವರ್ಷ ಮುಗಿಯುವ ಹೊತ್ತಿಗೆ ಮಾರ್ಕ್ಸಿನ ಮಾತು ಹಿಂದೆ ಬಿದ್ದು ವಿಷಯವೇ ಮುಂದೆ ಬಂದಿತ್ತು. ನಿಕಾಲ ಬಂದ ಮೇಲೆ ಅವಳು ತನ್ನ ತಂದೆಯನ್ನು ಕರೆದುಕೊಂಡು ಶಾಲೆಗೆ ಬಂದಳು. ಮನೆಯಲ್ಲಿ ಹೇಳಿ ಒಪ್ಪಿಸಲಾಗದ್ದನ್ನು ನಮ್ಮ ಬಾಯಿಂದ ಹೇಳಿಸಬೇಕು ಎಂಬುದು ಅವಳ ಹಂಚಿಕೆ. ಜಾಣೆ.

ತಂದೆ ತೊಗರಿ, ಜೋಳ ಬೆಳೆಯುವ ಒಕ್ಕಲಿಗ. ಗುಡಿಯ ಭಜನಿ ಮೇಳದಲ್ಲಿ ತಾಳ ಹಿಡಿಯುವವರು. ಅವರು ಕೇಳಿದ ಮೊದಲ ಪ್ರಶ್ನೆ ಹೀಗಿತ್ತು: "ಗುರೂಜಿ, ತತ್ವದ ಮಾತಿಗಿ ಕಾಲೇಜ್ ಯಾಕ ಬೇಕ್ರಿ? ನಿಜಗುಣರ ಪದ, ಮಡಿವಾಳಪ್ಪನವರ ಪದ ನಾವು ವಾರಕ್ಕೊಮ್ಮಿ ಹಾಡ್ತೀವಿ. ಬಾಜೂಕ ಕುಂತ್ರ ಪುಕಟ ಸಿಗ್ತದ."

ನಗುವ ಪ್ರಶ್ನೆಯಲ್ಲ ಇದು. ನಮ್ಮ ಕಡೆ ಕೂಲಿ ಮಾಡುವ ಮನುಷ್ಯನೂ ಜೀವ, ಮಾಯೆ, ಅರಿವು, ಮರೆವು ಎಂಬ ಶಬ್ದಗಳನ್ನು ಸಲೀಸಾಗಿ ಆಡುತ್ತಾನೆ. ಆ ಶಬ್ದಗಳೆಲ್ಲ ತತ್ವಪದಗಳಿಂದಲೇ ಬಂದವು. ನಿಜಗುಣ ಶಿವಯೋಗಿಗಳು ಪದಗಳನ್ನಷ್ಟೇ ಬರೆದವರಲ್ಲ. ಅವರ 'ವಿವೇಕ ಚಿಂತಾಮಣಿ' ಎಂಬುದು ಶಾಸ್ತ್ರಗಳನ್ನೆಲ್ಲ ಒಟ್ಟು ಮಾಡಿ ಕನ್ನಡದಲ್ಲಿ ಹೇಳಿದ ಒಂದು ಕೋಶವೇ. ಅದು 17ನೆಯ ಶತಮಾನದಲ್ಲಿಯೇ ಮರಾಠಿಗೂ ಹೋಯಿತು. ಅಂದರೆ ಶಾಸ್ತ್ರದ ಕನ್ನಡ ಮಾತು ಈ ಗಡಿಯನ್ನು ದಾಟಿ ಎಷ್ಟೋ ಕಾಲವಾಗಿದೆ. ಗಡಿ ಎಂಬುದೇ ಆಗ ಇರಲಿಲ್ಲ ಅನ್ನಿ.

ಆದರೂ ತಂದೆಗೆ ನಾವು ಹೇಳಬೇಕಾದ ವ್ಯತ್ಯಾಸವೊಂದಿತ್ತು. ಭಜನಿಯಲ್ಲಿ ಕುಳಿತವನು ಪದವನ್ನು ನಂಬಿ ಹಾಡುತ್ತಾನೆ. ಕಾಲೇಜಿನ ತತ್ವಶಾಸ್ತ್ರದಲ್ಲಿ ಕುಳಿತವಳು "ಇದನ್ನು ಯಾಕೆ ನಂಬಬೇಕು?" ಎಂದು ಕೇಳಲೇಬೇಕು. ಕೇಳದಿದ್ದರೆ ಅವಳು ಓದುತ್ತಿಲ್ಲ ಎಂದೇ ಲೆಕ್ಕ. ನಾವು ಉದಾಹರಣೆಗೆ ಪ್ರಮಾಣದ ವಿಷಯ ತೆಗೆದೆವು. ಒಂದು ಸಂಗತಿ ನಿಜ ಎಂದು ತಿಳಿಯಲು ಎಷ್ಟು ದಾರಿಗಳಿವೆ? ಕಣ್ಣಿಗೆ ಕಂಡದ್ದು ಮಾತ್ರ ಎಂದರು ಚಾರ್ವಾಕರು. ಬೌದ್ಧರು, ವೈಶೇಷಿಕರು ಎರಡು ಎಂದರು, ಪ್ರತ್ಯಕ್ಷ ಮತ್ತು ಅನುಮಾನ. ಸಾಂಖ್ಯರು ಶಬ್ದವನ್ನು ಸೇರಿಸಿ ಮೂರು ಮಾಡಿದರು. ನ್ಯಾಯದವರು ಉಪಮಾನ ಸೇರಿಸಿ ನಾಲ್ಕು. ಮೀಮಾಂಸೆಯ ಪ್ರಾಭಾಕರರು ಐದು, ಭಾಟ್ಟರೂ ಅದ್ವೈತಿಗಳೂ ಆರು. ಒಂದೇ ನಾಡಿನಲ್ಲಿ ಇಷ್ಟು ಮಂದಿ ನೂರಾರು ವರ್ಷ ಇದೇ ಒಂದು ಪ್ರಶ್ನೆಗೆ ಜಗಳಾಡಿದ್ದಾರೆ. ಆ ಜಗಳದಲ್ಲಿ ಯಾರ ಮಾತಿನಲ್ಲಿ ತೂತು ಇದೆ ಎಂದು ಹುಡುಕುವುದು ಆ ಓದಿನ ಕೆಲಸ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ವಕೀಲಕಿ ಇದ್ದಾಂಗ ಅನ್ರಿ" ಅಂದರು. ಪೂರ್ತಿ ಸರಿಯಲ್ಲ, ಆದರೆ ನಮಗೆ ಅದಕ್ಕಿಂತ ಒಳ್ಳೆಯ ಹೋಲಿಕೆ ಆ ಹೊತ್ತಿಗೆ ಹೊಳೆಯಲಿಲ್ಲ.

ಹುಡುಗಿ ಮಾತ್ರ ಬೇರೆ ಉದಾಹರಣೆ ಕೊಟ್ಟಳು. ಬರ್ಟ್ರಂಡ್ ರಸೆಲ್ 1912ರಲ್ಲಿ ಬರೆದ ತತ್ವಶಾಸ್ತ್ರದ ಸಮಸ್ಯೆಗಳ ಬಗೆಗಿನ ಸಣ್ಣ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಕೋಳಿ ಬರುತ್ತದೆ. ಬದುಕಿದಷ್ಟು ದಿನವೂ ಅದಕ್ಕೆ ಕಾಳು ಹಾಕಿದ ಮನುಷ್ಯನೇ ಕೊನೆಗೊಂದು ದಿನ ಅದರ ಕುತ್ತಿಗೆ ಮುರಿಯುತ್ತಾನೆ. ಇಷ್ಟು ದಿನ ಹೀಗೇ ಆಗಿದೆ ಆದ್ದರಿಂದ ನಾಳೆಯೂ ಹೀಗೇ ಆಗುತ್ತದೆ ಎಂದು ಕೋಳಿ ತಿಳಿದದ್ದು ತಪ್ಪಾಯಿತು. ಹಾಗಾದರೆ ನಾಳೆ ಸೂರ್ಯ ಹುಟ್ಟುತ್ತಾನೆ ಎಂದು ನಾವು ತಿಳಿಯುವುದಕ್ಕೆ ಏನು ಆಧಾರ? ಇದನ್ನು ಹೇಳಿ ಆಕೆ, "ಅಪ್ಪಾ, ನೀ ಹ್ವಾದ ವರ್ಷ ತೊಗರಿ ರೇಟ್ ನೋಡಿ ಈ ವರ್ಷ ಬಿತ್ತೀದಿ. ಅದೂ ಇದೇ ಪ್ರಶ್ನಿ" ಅಂದಳು. ತಂದೆಗೆ ಆ ಹೊತ್ತಿನಲ್ಲಿ ಸಿಟ್ಟು ಬಂದದ್ದು ಸುಳ್ಳಲ್ಲ. ತೊಗರಿ ರೇಟಿನ ಗಾಯ ಹಸಿಯಾಗಿತ್ತು. ಆದರೆ ಒಂದು ವಾರ ಬಿಟ್ಟು ಊರ ಕಟ್ಟೆಯ ಮೇಲೆ ಅವರೇ ಆ ಕೋಳಿಯ ಕಥೆ ಹೇಳುತ್ತಿದ್ದುದನ್ನು ನಾವು ಕೇಳಿದ್ದೇವೆ.

ಇರಲಿ. ಆಸೆ ಇದೆ ಎಂಬುದು ಖಾತ್ರಿಯಾದ ಮೇಲೆ ಲೆಕ್ಕದ ಕೆಲಸ ಶುರುವಾಯಿತು. ನಮ್ಮಂಥ ಶಾಲೆಗಳಿಂದ ಹೋಗುವ ಮಕ್ಕಳಿಗೆ ಈ ಲೆಕ್ಕ ಬೇರೆಯವರಿಗಿಂತ ಗೋಜಲಿನದು. ನಾಳೆ ಇನ್ನೊಂದು ಗಡಿ ಊರಿನ ಶಿಕ್ಷಕರಿಗೆ ಇದೇ ಪ್ರಸಂಗ ಬರಬಹುದೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲನೆಯ ಕಗ್ಗಂಟು ಭಾಷೆಯದು. ಇದನ್ನು ನಾವು ಎಲ್ಲಕ್ಕಿಂತ ದೊಡ್ಡದೆಂದು ತಿಳಿಯುತ್ತೇವೆ. ಹುಡುಗಿಯ ಹನ್ನೊಂದನೆಯ ಇಯತ್ತೆಯ ನೋಟಬುಕ್ಕನ್ನು ತರಿಸಿ ನೋಡಿದೆವು. ಮೊದಲ ಪುಟಗಳಲ್ಲೇ 'ಅನುಮಾನ' ಎಂಬ ಶಬ್ದದ ಪಕ್ಕದಲ್ಲಿ ಪೆನ್ಸಿಲಿನಿಂದ 'ಸಂಶಯ?' ಎಂದು ಬರೆದು ಆಮೇಲೆ ಗೀಟು ಹೊಡೆದಿದ್ದಳು. ಮನೆಯ ಕನ್ನಡದಲ್ಲಿ ಅನುಮಾನ ಎಂದರೆ ಸಂಶಯ. ಶಾಸ್ತ್ರದಲ್ಲಿ ಅನುಮಾನ ಎಂದರೆ ಕಂಡದ್ದರಿಂದ ಕಾಣದ್ದನ್ನು ಖಚಿತವಾಗಿ ತಿಳಿಯುವುದು. ಗುಡ್ಡದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು. ಒಂದಕ್ಕೊಂದು ಉಲ್ಟಾ! ಇನ್ನೊಂದು ಶಬ್ದ 'ವಿಧಾನ'. ಮರಾಠಿ ತರ್ಕಶಾಸ್ತ್ರದಲ್ಲಿ ವಿಧಾನ ಎಂದರೆ ನಿಜ ಅಥವಾ ಸುಳ್ಳು ಎಂದು ಹೇಳಬಹುದಾದ ವಾಕ್ಯ. ಕನ್ನಡದಲ್ಲಿ ಅದು ಮಾಡುವ ರೀತಿ. 'ಆಧಾರವಿಧಾನ' ಎಂಬುದನ್ನು ಅವಳು ಆರು ತಿಂಗಳು 'ಆಧಾರವಾದ ಪದ್ಧತಿ' ಎಂದೇ ಓದಿಕೊಂಡಿದ್ದಳಂತೆ. ಆದರೂ ಲೆಕ್ಕ ಸರಿ ಬಿಡಿಸುತ್ತಿದ್ದಳು, ಚಿಹ್ನೆಗಳಿಗೆ ಭಾಷೆಯ ಹಂಗಿಲ್ಲವಲ್ಲ.

'ಪ್ರಮಾಣ' ಎಂಬುದಂತೂ ಮೂರು ಮನೆಯ ಶಬ್ದ. ಗುಡಿಯ ಮುಂದೆ ನಿಂತು ಮಾಡುವುದು ಒಂದು, ಗಣಿತದಲ್ಲಿ ಬರುವುದು ಒಂದು, ದರ್ಶನಗಳಲ್ಲಿ ಬರುವುದು ಒಂದು. ನಮ್ಮ ಟಿ.ಸಿ.ಎಚ್. ಪಾಠದಲ್ಲಿ ಅನುಗಮನ ಪದ್ಧತಿ, ನಿಗಮನ ಪದ್ಧತಿ ಎಂದು ಬಾಯಿಪಾಠ ಮಾಡಿದ್ದೆವು. ಉದಾಹರಣೆಯಿಂದ ನಿಯಮಕ್ಕೆ ಹೋಗುವುದು ಅನುಗಮನ, ನಿಯಮದಿಂದ ಉದಾಹರಣೆಗೆ ಬರುವುದು ನಿಗಮನ. ಮರಾಠಿಯಲ್ಲಿ ಅನುಗಮನಕ್ಕೆ ವಿಗಮನ ಎನ್ನುತ್ತಾರೆ. ಇನ್ನು ಹಳೆಯ ನ್ಯಾಯಶಾಸ್ತ್ರಕ್ಕೆ ಹೋದರೆ ಅಲ್ಲಿ ನಿಗಮನ ಎಂದರೆ ಪದ್ಧತಿಯಲ್ಲ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ವಾಕ್ಯಗಳಲ್ಲಿ ಕೊನೆಯದು. ಹುಡುಗಿ ಈ ಮೂರನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು, ನಾಳೆ ಇಂಗ್ಲಿಷಿನಲ್ಲಿ ಇಂಡಕ್ಷನ್, ಡಿಡಕ್ಷನ್ ಎಂದು ಓದಬೇಕು.

ಇಂಗ್ಲಿಷ್ ಬಿಡುವ ಹಾಗಿಲ್ಲ. ಎಂ.ಎ. ಮುಟ್ಟುವ ಹೊತ್ತಿಗೆ ಪ್ಲೇಟೋ, ಡೆಕಾರ್ಟ್, ಹ್ಯೂಮ್, ಕಾಂಟ್ ಎಲ್ಲರೂ ಬರುವುದು ಇಂಗ್ಲಿಷಿನಲ್ಲಿಯೇ. ಭಾರತೀಯ ದರ್ಶನಗಳಿಗೂ ಹೆಚ್ಚಿನ ಕಡೆ ಕೈಗೆ ಕೊಡುವುದು ಮೈಸೂರಿನ ಎಂ. ಹಿರಿಯಣ್ಣನವರು 1932ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕವನ್ನೇ. ಕನ್ನಡದವರು ಬರೆದದ್ದನ್ನು ಕನ್ನಡದ ಹುಡುಗಿ ಇಂಗ್ಲಿಷಿನಲ್ಲಿ ಓದುವುದು ವಿಚಿತ್ರವೇ, ಆದರೆ ಓದಬಾರದು ಎನ್ನಲು ಆಗುತ್ತದೆಯೇ? ನಮ್ಮ ಅಭಿಪ್ರಾಯ ಇಷ್ಟೇ. ಓದುವುದು ಇಂಗ್ಲಿಷಿನಲ್ಲಾಗಲಿ, ಪರೀಕ್ಷೆ ಯಾವ ಭಾಷೆಯಲ್ಲಾದರೂ ಆಗಲಿ, ಮನಸ್ಸಿನಲ್ಲಿ ವಾದ ನಡೆಯುವುದು ಕನ್ನಡದಲ್ಲಿರಬೇಕು. ಕನ್ನಡದ ಅಭಿಮಾನಕ್ಕಾಗಿ ಹೇಳುತ್ತಿಲ್ಲ. ಬೇರೆ ಭಾಷೆಯ ಶಬ್ದ ಅರ್ಥವಾಗದೆ ಬಾಯಿಪಾಠ ಮಾಡಿದವರು ಇತಿಹಾಸದಲ್ಲಿ ಪಾಸಾಗುತ್ತಾರೆ, ಭೂಗೋಳದಲ್ಲಿಯೂ ಪಾಸಾಗುತ್ತಾರೆ. ತತ್ವಶಾಸ್ತ್ರದಲ್ಲಿಯೂ ಪಾಸಾಗಬಹುದು, ಆದರೆ ಕೋಳಿಯ ಪ್ರಶ್ನೆಯನ್ನು ತೊಗರಿಗೆ ಹಚ್ಚಿ ಕೇಳುವ ಶಕ್ತಿ ಹೋಗಿಬಿಡುತ್ತದೆ. ಅವಳ ಬಳಿ ಇರುವ ಬಂಡವಾಳವೇ ಅದು.

ಎರಡನೆಯದು ಯಾವ ಕಡೆಗೆ ಹೋಗಬೇಕು ಎಂಬುದು. ನಮ್ಮೆದುರು ಎರಡು ದಾರಿ ಇದ್ದವು, ಪುಣೆ ಮತ್ತು ಧಾರವಾಡ.

ಪುಣೆಯ ಪರಂಪರೆ ಸಣ್ಣದಲ್ಲ. 1974ರಲ್ಲಿ ದೇ.ದ. ವಾಡೇಕರರು ಮರಾಠಿಯಲ್ಲಿ ತತ್ವಜ್ಞಾನದ ಮಹಾಕೋಶವನ್ನೇ ಮೂರು ಸಂಪುಟಗಳಲ್ಲಿ ಮಾಡಿಸಿದರು. ಜಳಗಾವ ಜಿಲ್ಲೆಯ ಅಮಳನೇರದಂಥ ಸಣ್ಣ ಊರಿನಲ್ಲಿ 1916ರಲ್ಲಿಯೇ ಒಬ್ಬ ಗಿರಣಿ ಸಾಹುಕಾರರು, ಪ್ರತಾಪ ಶೇಠರು, ತತ್ವಜ್ಞಾನದ ಸಂಸ್ಥೆ ಕಟ್ಟಿದರು. ಸಾಹುಕಾರರು ಧರ್ಮಶಾಲೆ ಕಟ್ಟಿಸುವುದು ಗೊತ್ತು, ತತ್ವಜ್ಞಾನಕ್ಕೆ ದುಡ್ಡು ಹಾಕಿದ್ದು ಕೇಳಿ ನಮ್ಮ ಹುಡುಗಿಯ ತಂದೆ ಕಣ್ಣರಳಿಸಿದರು. ಮಹಾರಾಷ್ಟ್ರದಲ್ಲಿಯೇ ಉಳಿದರೆ ಜಾತಿಯ ದಾಖಲೆ, ಶಿಷ್ಯವೃತ್ತಿ, ವಸತಿಗೃಹ ಎಲ್ಲ ನೆಟ್ಟಗೆ ನಡೆಯುತ್ತವೆ. ಮರಾಠಿಯೂ ಎರಡು ವರ್ಷದಲ್ಲಿ ಸಾಕಷ್ಟು ಕೈಗೆ ಹತ್ತಿದೆ.

ಧಾರವಾಡಕ್ಕೆ ಹೋದರೆ ಕನ್ನಡ ಸಿಗುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ವಿಭಾಗ ಹಳೆಯದು, ಮುಂದೆ ಎಂ.ಎ.ಗೂ ಅಲ್ಲೇ ಉಳಿಯಬಹುದು. ಸೋಲಾಪುರದಿಂದ ಹೊಟಗಿ, ವಿಜಯಪುರ, ಗದಗ ದಾರಿಯಲ್ಲಿ ಹುಬ್ಬಳ್ಳಿಗೆ ರೈಲೂ ಇದೆ. ಆದರೆ ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರಕ್ಕೆ ಕರ್ನಾಟಕದಲ್ಲಿ ಮೀಸಲಾತಿ ಇಲ್ಲ. ಒಂದು ರಾಜ್ಯದ ಪಟ್ಟಿಯಲ್ಲಿದ್ದವರು ಇನ್ನೊಂದು ರಾಜ್ಯಕ್ಕೆ ಹೋದ ಮಾತ್ರಕ್ಕೆ ಅಲ್ಲಿ ಆ ಸೌಲಭ್ಯ ಕೇಳಲಾಗದು ಎಂದು ಸುಪ್ರೀಂ ಕೋರ್ಟು 1990ರಲ್ಲಿಯೇ ಹೇಳಿದೆ. ಗಡಿನಾಡು ಕನ್ನಡಿಗರಿಗೆ ಕರ್ನಾಟಕದಲ್ಲಿ ಅರ್ಹತೆ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಇದೆ. ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರ, ಗಡಹಿಂಗ್ಲಜ ತಾಲೂಕುಗಳ ಹೆಸರು ಹಿಡಿದೇ ಇದೆ. ಆದರೆ ಅದು ಸಿಇಟಿ ಬರೆದು ಹೋಗುವ ವೃತ್ತಿಪರ ಕೋರ್ಸುಗಳಿಗೆ. ಎಂಜಿನಿಯರ್ ಆಗಬೇಕೆಂಬ ಗಡಿನಾಡಿನ ಮಕ್ಕಳ ನೆನಪು ಸರಕಾರಕ್ಕೆ ಇದೆ, ಬಿ.ಎ. ಓದುವವರ ನೆನಪು ಅಷ್ಟಾಗಿ ಇಲ್ಲ.

ಇನ್ನೊಂದು ವಿಷಯ ಪಾಲಕರು ಗಮನಿಸಬೇಕು. ಈಗ ಎರಡು ರಾಜ್ಯಗಳಲ್ಲಿ ಬಿ.ಎ.ಯ ಅಳತೆಯೇ ಬೇರೆಬೇರೆ. ಮಹಾರಾಷ್ಟ್ರದಲ್ಲಿ ಹೊಸ ಶಿಕ್ಷಣ ನೀತಿಯಂತೆ 2024-25ರಿಂದ ಎಲ್ಲ ಸಂಲಗ್ನ ಕಾಲೇಜುಗಳಲ್ಲಿ ಮೇಜರ್, ಮೈನರ್ ಎಂಬ ಏರ್ಪಾಡು ಬಂದಿದೆ. ಮೂರು ವರ್ಷಕ್ಕೆ ಪದವಿ ಹಿಡಿದು ಹೊರಬೀಳಬಹುದು, ನಾಲ್ಕನೆಯ ವರ್ಷ ಓದಿದರೆ ಆನರ್ಸ್. ಕರ್ನಾಟಕದಲ್ಲಿ 2021-22ರಲ್ಲಿ ಅದೇ ನೀತಿ ತಂದು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದರು. ಆದ್ದರಿಂದ ನಡುವೆ ರಾಜ್ಯ ಬದಲಿಸುವ ವಿಚಾರ ಇಟ್ಟುಕೊಳ್ಳಲೇಬಾರದು. ಎಲ್ಲಿ ಸೇರಿದಳೋ ಅಲ್ಲಿಯೇ ಬಿ.ಎ. ಮುಗಿಸಬೇಕು. ರಾಜ್ಯ ದಾಟುವವರು ಬೋರ್ಡಿನಿಂದ ಮೈಗ್ರೇಶನ್ ಸರ್ಟಿಫಿಕೇಟನ್ನೂ, ಸೇರುವ ವಿಶ್ವವಿದ್ಯಾಲಯದಿಂದ ಎಲಿಜಿಬಿಲಿಟಿ ಸರ್ಟಿಫಿಕೇಟನ್ನೂ ಪಡೆಯಬೇಕಾಗುತ್ತದೆ. ಅದನ್ನು ಪ್ರವೇಶದ ಗಡಿಬಿಡಿಯಲ್ಲಿ ಮರೆಯಬೇಡಿ.

ಮೂರನೆಯದು ಹೊಟ್ಟೆಯದು. "ಇದನ್ನ ಓದಿ ನೌಕರಿ ಏನ್ ಸಿಗ್ತದ್ರಿ?" ಈ ಪ್ರಶ್ನೆಗೆ ನಾವು ಸುಳ್ಳು ಹೇಳಬಾರದು ಎಂದು ಮೊದಲೇ ನಿರ್ಧರಿಸಿದ್ದೆವು. ತತ್ವಶಾಸ್ತ್ರದ್ದೇ ನೌಕರಿ ಎಂದರೆ ಕಾಲೇಜಿನಲ್ಲಿ ಕಲಿಸುವುದು. ಅದಕ್ಕೆ ಎಂ.ಎ., ಮೇಲೆ ನೆಟ್ ಅಥವಾ ಸೆಟ್ ಬೇಕು. ಜಾಗಗಳು ಬೆರಳೆಣಿಕೆ. ಜಾಹೀರಾತುಗಳಲ್ಲಿ ಇನ್ನೊಂದು ಮಾತು ಬರುತ್ತದೆ, ತತ್ವಶಾಸ್ತ್ರ ಓದಿದರೆ ಯುಪಿಎಸ್‌ಸಿ ಸುಲಭ ಎಂದು. ಅದರಲ್ಲಿ ಇರುವಷ್ಟು ನಿಜವನ್ನು ಹೇಳುತ್ತೇವೆ. ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯಕ್ಕೆ 250ರ ಎರಡು ಪತ್ರಿಕೆ, ಒಟ್ಟು 500 ಅಂಕ. ತತ್ವಶಾಸ್ತ್ರ ಆ ಪಟ್ಟಿಯಲ್ಲಿದೆ, ಅದರ ಪಠ್ಯಕ್ರಮ ಕೆಲವು ವಿಷಯಗಳಿಗಿಂತ ಚಿಕ್ಕದು. 2013ರಿಂದ ನೀತಿಶಾಸ್ತ್ರದ ಪತ್ರಿಕೆಯೊಂದು ಎಲ್ಲರಿಗೂ ಇದೆ. ಕನ್ನಡದಲ್ಲಿಯೂ ಉತ್ತರ ಬರೆಯಬಹುದು. ಇಷ್ಟು ನಿಜ. ಆದರೆ ಆ ಪರೀಕ್ಷೆಗೆಂದು ಮೂರು ವರ್ಷ ಕಾಂಟನನ್ನು ಓದಿಸುವುದು ಬಾವಿ ತೋಡಲು ಬೆಳ್ಳಿಯ ಗುದ್ದಲಿ ಮಾಡಿಸಿದ ಹಾಗೆ. ನಾವು ಅದನ್ನು ತಂದೆಯ ಮುಂದೆ ಆಸೆಯಾಗಿ ಇಡಲಿಲ್ಲ.

ನಾವು ಇಟ್ಟದ್ದು ಜೊತೆಯ ವಿಷಯದ ಲೆಕ್ಕ. ಬಿ.ಎಡ್. ಮಾಡುವವರಿಗೆ ಶಾಲೆಯಲ್ಲಿ ಕಲಿಸುವ ವಿಷಯ ಪದವಿಯಲ್ಲಿ ಇರಬೇಕು. ತತ್ವಶಾಸ್ತ್ರ ಶಾಲೆಯ ವಿಷಯವಲ್ಲ. ಅದೊಂದನ್ನೇ ನಂಬಿ ಹೋದವರು ಬಿ.ಎಡ್. ಬಾಗಿಲಲ್ಲಿ ತೊಂದರೆಗೆ ಬೀಳುತ್ತಾರೆ. ಆದ್ದರಿಂದ ಇತಿಹಾಸವೋ ಕನ್ನಡವೋ ಇಂಗ್ಲಿಷೋ ಜೊತೆಗೆ ಇರಲೇಬೇಕು. ಮಹಾರಾಷ್ಟ್ರದಲ್ಲಿ ಸೇರಿದರೆ ಅದನ್ನು ಮೈನರ್ ಮಾಡಿಕೊಳ್ಳಬೇಕು. ಧಾರವಾಡದ ಕಡೆ ಹೋದರೆ ಮೂರು ಐಚ್ಛಿಕ ವಿಷಯಗಳ ಗುಂಪಿನಲ್ಲಿ ಇತಿಹಾಸ ಮತ್ತು ಕನ್ನಡ ಇರುವ ಗುಂಪನ್ನೇ ಹುಡುಕಬೇಕು. ಯಾವ ಕಾಲೇಜಿನಲ್ಲಿ ಯಾವ ಗುಂಪು ಎಂಬುದನ್ನು ಕೌಂಟರಿಗೆ ಹೋಗಿ ಆ ವರ್ಷದ್ದನ್ನೇ ಕೇಳಬೇಕು. ಮಕ್ಕಳು ಕಡಿಮೆಯಾದರೆ ಮೊದಲು ಕತ್ತರಿ ಬೀಳುವುದು ಇಂಥ ವಿಷಯಗಳ ಮೇಲೆಯೇ, ಆದ್ದರಿಂದ ಹೋದ ವರ್ಷದ ಪ್ರಾಸ್ಪೆಕ್ಟಸ್ ಕೆಲಸಕ್ಕೆ ಬಾರದು. ಜೊತೆಯ ವಿಷಯದಿಂದ ಮನೆ ನಡೆಯಲಿ, ತತ್ವಶಾಸ್ತ್ರದಿಂದ ತಲೆ ನಡೆಯಲಿ ಎಂದು ನಮ್ಮಲ್ಲಿ ಒಬ್ಬರು ಹೇಳಿದಾಗ ತಂದೆ ಮೊದಲ ಸಲ ನಕ್ಕರು.

ಆ ದಿನ ತಾಯಿ ಬಂದಿರಲಿಲ್ಲ. ಬಾಯಿಯವರು, ಅಂದರೆ ನಮ್ಮ ಜೊತೆಯ ಶಿಕ್ಷಕಿ, ಸಂಜೆ ಮನೆಗೆ ಹೋಗಿ ಮಾತಾಡಿ ಬಂದರು. ತಾಯಿಯ ಚಿಂತೆ ಬೇರೆಯೇ ಇತ್ತು. ನೌಕರಿಯ ಮಾತು ಅವರು ಕೇಳಲೇ ಇಲ್ಲ. "ಹೀಂಗ ಪ್ರಶ್ನಿ ಕೇಳೋದ ಕಲತ್ರ ನಾಳಿ ಕೊಟ್ಟ ಮನಿಯಾಗ ಹೆಂಗ ಬಾಳೇವು ಮಾಡ್ತಾಳ್ರಿ ಬಾಯಿ?" ಎಂಬುದು ಅವರ ಮಾತು. ಬಾಯಿಯವರು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ಅವರು ಒಪ್ಪಿಲ್ಲ. ಎರಡು ತಾಸು ಕೂತಿದ್ದರು, ಎರಡು ಸಲ ಚಹಾ ಆಯಿತು ಎಂದಷ್ಟೇ ಹೇಳಿದರು. ಈ ಎಲ್ಲ ಲೆಕ್ಕದಲ್ಲಿ ನಿಜವಾಗಿ ಬಗೆಹರಿಯದೆ ಉಳಿದದ್ದು ಆ ತಾಯಿಯ ಪ್ರಶ್ನೆಯೇ. ಮದುವೆಯ ಮಾತು ಬಿ.ಎ. ಮುಗಿಯುವವರೆಗೆ ತೆಗೆಯುವುದಿಲ್ಲ ಎಂದು ಮನೆಯವರು ಮಾತು ಕೊಟ್ಟಿದ್ದಾರೆ. ಆಮೇಲಿನದು ಆಮೇಲೆ.

ಕೊನೆಗೆ ಧಾರವಾಡ ಎಂದಾಯಿತು. ಖರ್ಚು ಹೆಚ್ಚು. ಶಿಷ್ಯವೃತ್ತಿ ಕೈಬಿಡುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದು, ವರ್ಷಕ್ಕೆ ಊಟಕ್ಕೆ ಎಷ್ಟು, ಬಾಡಿಗೆಗೆ ಎಷ್ಟು ಎಂದು ತಂದೆಯ ಎದುರಿಗೇ ಕೂಡಿಸಿ ತೋರಿಸಿದೆವು. ಅವರು ಒಂದು ರಾತ್ರಿ ವಿಚಾರ ಮಾಡಿ ಬಂದು ಹೂಂ ಅಂದರು. ಒಂದು ಕರಾರು ಹಾಕಿದರು. ಇತಿಹಾಸ ಬಿಡುವ ಹಾಗಿಲ್ಲ.

ಧಾರವಾಡ ಎಂದು ಹೇಳುವಾಗ ನಮ್ಮ ತೂಕ ಆ ಕಡೆ ವಾಲಲು ಕನ್ನಡದ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಅಲ್ಲಿ ಹಿಂದೆ ಕೆ.ಜೆ. ಶಾ ಎಂಬ ಪ್ರಾಧ್ಯಾಪಕರು ತತ್ವಶಾಸ್ತ್ರ ಕಲಿಸುತ್ತಿದ್ದರು. ಅವರು ಕೇಂಬ್ರಿಜಿನಲ್ಲಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಅವರ ತರಗತಿಯಲ್ಲಿ ಕುಳಿತವರು. 1946-47ರ ಆ ಪಾಠಗಳನ್ನು ಶಾ ಮತ್ತು ಇನ್ನಿಬ್ಬರು ಬರೆದುಕೊಂಡ ಟಿಪ್ಪಣಿಗಳು 1988ರಲ್ಲಿ ಪುಸ್ತಕವಾಗಿ ಬಂದಿವೆ. 20ನೆಯ ಶತಮಾನದ ಅತಿ ದೊಡ್ಡ ತತ್ವಜ್ಞಾನಿಗಳಲ್ಲಿ ಒಬ್ಬರ ಮಾತನ್ನು ನೇರ ಕೇಳಿದವರು ನಮ್ಮ ಧಾರವಾಡದಲ್ಲಿ ಪಾಠ ಹೇಳುತ್ತಿದ್ದರು ಎಂಬುದು ಎಷ್ಟು ಕನ್ನಡಿಗರಿಗೆ ಗೊತ್ತಿದೆಯೋ.

ವಿಟ್‌ಗೆನ್‌ಸ್ಟೈನ್ ವಿಷಯ ಬಂದದ್ದರಿಂದ ಪ್ರಾಥಮಿಕ ಶಾಲೆಯ ಶಿಕ್ಷಕ ಬಂಧುಗಳಿಗೆ ಒಂದು ಮಾತು ಹೇಳಲೇಬೇಕು. ಆ ಮನುಷ್ಯ ದೊಡ್ಡ ಸಾಹುಕಾರರ ಮಗ. ಮೊದಲ ಮಹಾಯುದ್ಧ ಮುಗಿಸಿ ಬಂದು ಆಸ್ತಿಯನ್ನು ಒಡಹುಟ್ಟಿದವರಿಗೆ ಬಿಟ್ಟುಕೊಟ್ಟು, ವಿಯೆನ್ನಾದಲ್ಲಿ ಶಿಕ್ಷಕರ ತರಬೇತಿ ಪಡೆದರು. ನಮ್ಮ ಟಿ.ಸಿ.ಎಚ್. ಇದ್ದ ಹಾಗೆಯೇ ಅನ್ನಿ. 1920ರಿಂದ 1926ರವರೆಗೆ ಆಸ್ಟ್ರಿಯಾದ ಬಡ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಮಾದರಿ ಮಾಸ್ತರರೇನೂ ಅಲ್ಲ. ಮಕ್ಕಳನ್ನು ಹೊಡೆಯುವ ಚಾಳಿ ಇತ್ತು, ಒಬ್ಬ ಹುಡುಗ ಪೆಟ್ಟು ತಿಂದು ಕುಸಿದು ಬಿದ್ದ ಮೇಲೆ ಕೆಲಸ ಬಿಟ್ಟರು. ಆದರೆ ಹಳ್ಳಿಯ ಮಕ್ಕಳು ಕೊಳ್ಳಬಹುದಾದ ನಿಘಂಟು ಇಲ್ಲವೆಂದು ಕಂಡು, ಮಕ್ಕಳು ತಾವೇ ಆಡುವ ಬರೆಯುವ ಶಬ್ದಗಳನ್ನು ಕೂಡಿಸಿ 1926ರಲ್ಲಿ ಒಂದು ಶಾಲಾ ಶಬ್ದಕೋಶ ಪ್ರಕಟಿಸಿದರು. ಅವರು ಬದುಕಿದ್ದಾಗ ಹೊರಬಂದ ಪುಸ್ತಕಗಳು ಎರಡೇ. ಒಂದು ಜಗತ್ತೆಲ್ಲ ಓದಿದ ತತ್ವಶಾಸ್ತ್ರದ ಗ್ರಂಥ, ಇನ್ನೊಂದು ಈ ಮಕ್ಕಳ ಶಬ್ದಕೋಶ.

ಹುಡುಗಿಗೆ ನಾವು ಕೊಟ್ಟ ಕೆಲಸವೂ ಇಂಥದೇ. ಒಂದು ನೂರು ಪುಟದ ನೋಟಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿಸಿದೆವು. ಇಂಗ್ಲಿಷ್ ಶಬ್ದ, ಮರಾಠಿ ಪುಸ್ತಕದ ಶಬ್ದ, ಕನ್ನಡ ಪುಸ್ತಕದ ಶಬ್ದ, ನಾಲ್ಕನೆಯದರಲ್ಲಿ ಅವ್ವನಿಗೆ ತಿಳಿಯುವ ಹಾಗೆ ಒಂದು ವಾಕ್ಯ. ನಾಲ್ಕನೆಯ ಕಾಲಂ ತುಂಬದಿದ್ದರೆ ಆ ಶಬ್ದ ಬಂದಿಲ್ಲ ಎಂದು ತಿಳಿಯಬೇಕು. ಪ್ರವೇಶ ಶುರುವಾಗುವ ಮುಂಚಿನ ರಜೆಯಲ್ಲಿ ವಾರಕ್ಕೆ ಎರಡು ದಿನ ಸಂಜೆ ಶಾಲೆಯಲ್ಲಿ ಕೂತೆವು. ನಾವೇನೂ ತತ್ವಶಾಸ್ತ್ರ ಬಲ್ಲವರಲ್ಲ. ಇಗ್ನೋದವರು ತಮ್ಮ ಪಾಠಗಳನ್ನು ಇ-ಜ್ಞಾನಕೋಶದಲ್ಲಿ ಪುಕ್ಕಟೆ ಇಟ್ಟಿದ್ದಾರೆ, ಅವುಗಳನ್ನು ಇಳಿಸಿ ಒಂದೊಂದು ಪುಟ ಅವಳ ಜೊತೆ ಓದಿದೆವು. ಇಂಗ್ಲಿಷ್ ಕಷ್ಟವಾದಲ್ಲಿ ಮೂವರೂ ಸೇರಿ ಒಂದು ಪ್ಯಾರಾಕ್ಕೆ ಒಂದು ತಾಸು ತೆಗೆದುಕೊಂಡದ್ದೂ ಇದೆ. ಬೇರೆ ಕಡೆಯ ಶಿಕ್ಷಕರಿಗೆ ಈ ನಾಲ್ಕು ಕಾಲಂ ಪದ್ಧತಿಯನ್ನು ಧೈರ್ಯವಾಗಿ ಹೇಳುತ್ತೇವೆ. ತತ್ವಶಾಸ್ತ್ರಕ್ಕಷ್ಟೇ ಅಲ್ಲ, ಅರ್ಥಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ನಡೆಯುತ್ತದೆ.

ಅವಳ ಓದಿನ ಪಟ್ಟಿಯಲ್ಲಿ ಎಸ್.ಎಲ್. ಭೈರಪ್ಪನವರ 'ಭಿತ್ತಿ'ಯನ್ನೂ ಸೇರಿಸಿದೆವು. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಅವರು ಕಾದಂಬರಿಕಾರರೆಂದು ಎಲ್ಲರಿಗೂ ಗೊತ್ತು. ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿ, ಬರೋಡಾದಲ್ಲಿ ಸತ್ಯ ಮತ್ತು ಸೌಂದರ್ಯದ ವಿಷಯಕ್ಕೆ ಪಿಎಚ್.ಡಿ. ಪಡೆದು, ಹುಬ್ಬಳ್ಳಿಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವರು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರುವುದಿಲ್ಲ. ಅವರ ಎಲ್ಲ ಮಾತನ್ನೂ ಅವಳು ಒಪ್ಪಬೇಕೆಂದಿಲ್ಲ. ಕೈಯಲ್ಲಿ ಕಾಸಿಲ್ಲದ ಹುಡುಗನೊಬ್ಬ ವಾರಾನ್ನ ಉಂಡು ಈ ವಿಷಯ ಓದಿದ್ದನ್ನು ಅವಳ ತಂದೆಯೂ ಓದಲಿ ಎಂದು ಪುಸ್ತಕವನ್ನು ಮನೆಗೇ ಕೊಟ್ಟು ಕಳಿಸಿದೆವು. ಅರ್ಧ ಓದಿದ್ದಾರಂತೆ.

ಜೂನಿನಲ್ಲಿ ಪ್ರವೇಶಕ್ಕೆಂದು ನಾವಿಬ್ಬರು, ತಂದೆ, ಮಗಳು ಸೋಲಾಪುರದಿಂದ ರೈಲು ಹಿಡಿದೆವು. ವಿಜಯಪುರಕ್ಕಿಂತ ಮೊದಲು ನಿಂಬಾಳ ಸ್ಟೇಶನ್ ಬರುತ್ತದೆ. ಗುರುದೇವ ರಾನಡೆಯವರ ಆಶ್ರಮ ಇರುವುದು ಅಲ್ಲಿಯೇ. ತಂದೆಗೆ ಆ ಹೆಸರು ಗೊತ್ತು, ಸಪ್ತಾಹಕ್ಕೆ ಒಮ್ಮೆ ಬಂದಿದ್ದರಂತೆ. ಅವರಿಗೆ ರಾನಡೆ ಎಂದರೆ ಸಂತರು. ಹುಡುಗಿಗೆ ನಾವು ಇನ್ನೊಂದು ಬದಿ ಹೇಳಿದೆವು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಅವರು ಪುಣೆಯ ಫರ್ಗ್ಯುಸನ್ ಕಾಲೇಜು, ಸಾಂಗಲಿಯ ವಿಲಿಂಗ್ಡನ್ ಕಾಲೇಜುಗಳಲ್ಲಿ ತತ್ವಜ್ಞಾನ ಕಲಿಸಿದವರು. ಆಮೇಲೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ, ಕುಲಪತಿಗಳೂ ಆದರು. ಉಪನಿಷತ್ತುಗಳ ಮೇಲೆ 1926ರಲ್ಲಿ ಬರೆದರು, ಮಹಾರಾಷ್ಟ್ರದ ಸಂತರ ಮೇಲೆ ಬರೆದರು, ಕನ್ನಡದ ಸಂತರ ಮೇಲೂ ಬರೆದರು. ಮೂರಕ್ಕೂ ಇಂಗ್ಲಿಷ್ ಬಳಸಿದರು. ನಿವೃತ್ತಿಯ ಮೇಲೆ ಬಂದು ನೆಲೆಸಿದ್ದು ಈ ಬಯಲಿನ ಸಣ್ಣ ಹಳ್ಳಿಗೆ. 1957ರಲ್ಲಿ ಇಲ್ಲಿಯೇ ತೀರಿಕೊಂಡರು. ಗಾಡಿ ನಿಂತದ್ದು ಒಂದೆರಡು ನಿಮಿಷ. ತಂದೆ ಕಿಟಕಿಯಿಂದ ಕೈ ಮುಗಿದರು. ಹುಡುಗಿ, "ಸರ್, ಅವರು ದೇವರನ್ನ ಕಂಡೀನಿ ಅಂತ ಹೇಳಿದ್ರ ಅದು ಪ್ರತ್ಯಕ್ಷದಾಗ ಬರ್ತದೋ ಬ್ಯಾರೆ ಪ್ರಮಾಣನೋ?" ಎಂದು ಕೇಳಿದಳು. ತಂದೆ ಅವಳ ಮುಖ ನೋಡಿದರು, ಬೈಯಲಿಲ್ಲ. ನಮಗೂ ಉತ್ತರ ಗೊತ್ತಿರಲಿಲ್ಲ. ಧಾರವಾಡದಲ್ಲಿ ಕೇಳು ತಂಗೀ ಎಂದೆವು.

ಇತಿಹಾಸ ಇರುವ ಗುಂಪು ಸಿಕ್ಕಿತು. ವಹಿಯಲ್ಲಿ ಹೆಸರು ಬರೆದಾಗಿದೆ.

ಅಂದ ಹಾಗೆ, ನೋಟಬುಕ್ಕಿನಲ್ಲಿ ಈಗ ನೂರಾ ಇಪ್ಪತ್ತು ಶಬ್ದಗಳಾಗಿವೆ. ಕೆಲವದರ ನಾಲ್ಕನೆಯ ಕಾಲಂ ಖಾಲಿ ಇದೆ. ಎಕ್ಸಿಸ್ಟೆನ್ಸ್ ಎಂಬುದಕ್ಕೆ ಪುಸ್ತಕಗಳಲ್ಲಿ ಅಸ್ತಿತ್ವ ಎಂದಿದೆ, ಅದು ಅವ್ವನ ಮಾತಲ್ಲ. ಹಳೆಗನ್ನಡದ ಇರವು ಚೆನ್ನಾಗಿದೆ, ಆದರೆ ನಮ್ಮ ಊರಲ್ಲಿ ಯಾರೂ ಆಡುವುದಿಲ್ಲ. ನೆಸೆಸರಿ, ಪಾಸಿಬಲ್ ಎಂಬ ಜೋಡಿಗೂ ಸರಿಯಾದ ಮನೆಮಾತು ಸಿಕ್ಕಿಲ್ಲ. ಕಾಸರಗೋಡು, ತಾಳವಾಡಿ, ಆದವಾನಿ, ರಾಯದುರ್ಗದ ಕಡೆಯ ಶಿಕ್ಷಕ ಮಿತ್ರರ ಊರುಗಳಲ್ಲಿ ಬೇರೆ ಶಬ್ದಗಳಿರಬಹುದು. ಇದ್ದರೆ ವಾಕ್ಯ ಸಮೇತ ಬರೆದು ಕಳಿಸಿ. ಪದವಿ ಮಟ್ಟದ ತತ್ವಶಾಸ್ತ್ರದ ಹಳೆಯ ಕನ್ನಡ ಪಠ್ಯಪುಸ್ತಕಗಳು ಯಾರ ಅಟ್ಟದ ಮೇಲಾದರೂ ಇದ್ದರೆ ಅವನ್ನೂ ರದ್ದಿಗೆ ಹಾಕದೆ ನಮಗೆ ತಿಳಿಸಿ, ಅಂಚೆ ಖರ್ಚು ನಾವು ಕೊಡುತ್ತೇವೆ.